ಬಲಗೈ ಬಿಗಿ, ಎಡಗೈ ಸಡಿಲ

ಕೆಂಗಲ್ಲೂರಿನಲ್ಲಿ ಯಾರಾದರೂ ‘ಅವರು ನನಗ ಕೈಕೊಟ್ರು’ ಎಂದರೆ ಅದು ದೂರಲ್ಲ, ಉಪಕಾರಸ್ಮರಣೆ. ಗ್ರಾನೈಟ್ ಗಣಿಯಲ್ಲಿ ಕೈ ಕಳಕೊಂಡವರಿಗೆ ‘ಹಸ್ತೋದಯ’ ಎಂಬ ಕಾರ್ಖಾನೆ ಉಕ್ಕಿನ ಕೈ ಜೋಡಿಸಲು ಶುರುಮಾಡಿದ ಮೇಲೆ ಊರಿನ ಮಾತುಗಳ ಅರ್ಥವೇ ತಿರುವುಮುರುವಾಗಿತ್ತು. ಆ ಕೈಗೆ ಬಂಡೆ ಹಿಡಿಯಲೂ ಬರುತ್ತಿತ್ತು, ಬಾಳೆಹಣ್ಣು ಸುಲಿಯಲೂ ಬರುತ್ತಿತ್ತು. ಮೊಂಡುಗೈಯ ಮಾಂಸದೊಳಗೆ ಹೊಲಿದಿಟ್ಟ ಒಂದು ಸಣ್ಣ ಗುಂಡಿ, ಮನಸ್ಸು ಎಷ್ಟು ಬಿಗಿ ಬಯಸಿತೆಂದು ಸಂಖ್ಯೆಯಲ್ಲಿ ಬರೆಯುತ್ತಿತ್ತು. ಮುಂಗೈಯಲ್ಲಿ ಕೂತ ಚಿಪ್ ಅದನ್ನು ಓದಿ ಬೆರಳು ಮಡಿಸುತ್ತಿತ್ತು.

ಹಳೆಯ ಚಿಪ್ಪುಗಳು ಎಲ್ಲೂ ಸಿಗದಂತಾದಾಗ ಕಾರ್ಖಾನೆ ಹೊಸ ಜಾತಿಯ ಚಿಪ್ ತರಿಸಿತು. ಭಾನುವಾರ ಗಣಿಗೆ ರಜೆ. ಊರಿನ ಉಕ್ಕಿನ ಕೈಗಳನ್ನೆಲ್ಲ ಶಾಲೆಯ ಅಂಗಳದಲ್ಲಿ ಸಾಲಾಗಿ ಕೂರಿಸಿ, ಹಳೆಯದನ್ನು ಕಿತ್ತು ಹೊಸದನ್ನು ಹಾಕಿದರು. ಅಧಿಕೃತ ಆಮಂತ್ರಣದಲ್ಲಿ ಅದಕ್ಕೆ ‘ಹಸ್ತಾಂತರ ಸಮಾರಂಭ’ ಎಂದೇ ಹೆಸರಿತ್ತು.

ಸೋಮವಾರ ಬೆಳಿಗ್ಗೆ ಗುರುಪಾದ ಹಡಪದನ ಕೈಯಿಂದ ಚಹಾದ ಗ್ಲಾಸು ಜಾರಿ ಬಿತ್ತು.

ಅವನ ತಂಗಿ ನೀಲಗಂಗಾ ಅಡುಗೆಮನೆಯ ಬಾಗಿಲಲ್ಲಿ ನಿಂತು ಅದನ್ನು ನೋಡಿದಳು. ಹಸ್ತೋದಯದ ನಿಯಂತ್ರಣ ಕೋಣೆಯಲ್ಲಿ ಕಂಪೈಲರ್ ಬರೆಯುವವಳು ಅವಳೇ. ಮನುಷ್ಯರು ಬರೆದ ಆಜ್ಞೆಗಳನ್ನು ಚಿಪ್ಪಿನ ಭಾಷೆಗೆ ತಿರುಗಿಸುವ ದುಭಾಷಿ ಅದು. ಹೊಸ ಚಿಪ್ಪಿಗೆ ಅದನ್ನು ಒಗ್ಗಿಸಲು ನೀಲಾ ಕಳೆದ ಮಳೆಗಾಲವನ್ನೆಲ್ಲ ಸವೆಸಿದ್ದಳು. ಅವಳ ಪ್ರಕಾರ ಕಂಪೈಲರ್ ಎಂದರೆ ಮಿಮಿಕ್ರಿ ಮಾಡುವವ. ಯಾರ ಎದುರು ನಿಂತನೋ ಅವರ ಧಾಟಿಯಲ್ಲೇ ಮಾತಾಡಬೇಕು. ಅವಳೂ ಆ ಕಸುಬಿನಲ್ಲಿ ಕಡಿಮೆಯವಳಲ್ಲ. ಬಸ್ಸಿನ ಕಂಡಕ್ಟರನಿಂದ ಹಿಡಿದು ಕಾರ್ಖಾನೆಯ ಮುಖ್ಯಸ್ಥ ಗುಡೂರ ಸಾಹೇಬರವರೆಗೆ ಎಲ್ಲರೂ ಅವಳ ಗಂಟಲಲ್ಲಿ ಬಾಡಿಗೆಗಿದ್ದರು.

“ನೋಡ್ರಿ ಗುರುಪಾದಪ್ಪ,” ಎಂದಳು ಗುಡೂರ ಸಾಹೇಬರ ದನಿಯಲ್ಲಿ, ಮೊದಲು ಗಂಟಲು ಕೆರೆದುಕೊಂಡು, “ವಿಷಯ ಏನೈತಂದ್ರ, ಗ್ಲಾಸು ಕಾರ್ಖಾನೆಯ ಆಸ್ತಿ ಅಲ್ಲ.”

ಗುರುಪಾದ ಬೆರಳು ಬಿಚ್ಚಿ ಮಡಿಸಿ ನೋಡಿದ. “ನಾ ಹಿಡಿದಿದ್ದೆ, ತಂಗಿ. ಕೈ ಹಿಡೀಲಿಲ್ಲ. ಇಂವಾ ಹೊಸಬ ಸ್ವಲ್ಪ ಸಡಿಲ ಅದಾನ.”

“ಹೊಸ ಮದುಮಗ, ನಾಚತಾನ. ಒಂದು ದಿನ ತಡಿ.”

“ಆ ಕೈಯಾಗ ಕತ್ತಿ, ಈ ಕೈಯಾಗ ಗಿರಾಕಿ ಗದ್ದ ಇರತೈತಿ, ಯವ್ವಾ. ನಾಚಿದ್ರ ಹೆಂಗ?”

ಮನೆಯ ಮುಂದಿನ ಕೋಣೆಯೇ ಅವರ ಕ್ಷೌರದಂಗಡಿ. ಅಪ್ಪನ ಕಾಲದಿಂದ ಬಂದ ಕನ್ನಡಿ, ತಿರುಗುವ ಕುರ್ಚಿ. ಕಸುಬು ಬೇಡವೆಂದು ಗಣಿಗೆ ಹೋದ ಗುರುಪಾದ ಬಲಗೈ ಅಲ್ಲೇ ಬಿಟ್ಟು ಬಂದಿದ್ದ. ಉಕ್ಕಿನ ಕೈ ಬಂದ ಮೇಲೆ ಮತ್ತೆ ಕುರ್ಚಿಯ ಹಿಂದೆ ನಿಂತ. ಎಡಗೈಯಲ್ಲಿ ಕತ್ತಿ, ಬಲಗೈಯಲ್ಲಿ ಗಿರಾಕಿಯ ಗದ್ದ. ಉಕ್ಕಿನದಾದರೂ ಕೈಗುಣ ಅಪ್ಪನದೇ ಎಂದು ಊರವರು ಹೇಳುತ್ತಿದ್ದರು. ಕೊನೆಗೆ ಅವನು ಎಲ್ಲರನ್ನೂ ಕೇಳುತ್ತಿದ್ದ ಪ್ರಶ್ನೆ ಒಂದೇ: “ಕುತ್ತಿಗಿ ಲಟಿಕೆ ತೆಗೀಲೇನು?” ಹೂಂ ಎಂದವರ ತಲೆ ಹಿಡಿದು ಲಟಕ್ಕೆಂದು ತಿರುವಿದರೆ ವಾರದ ಬೇನೆ ಇಳಿಯುತ್ತಿತ್ತು.

ನೀಲಾ ಕಾರ್ಖಾನೆಯ ನಿಯಂತ್ರಣ ಕೋಣೆ ಮುಟ್ಟುವಷ್ಟರಲ್ಲಿ ಗಣಿಯ ಸೈರನ್ ಕೂಗುತ್ತಿತ್ತು.

ಜಾರಿದ್ದು ಬರೀ ಗ್ಲಾಸಲ್ಲ. ಮೇಲಿನ ಹಂತದಲ್ಲಿ ಉಕ್ಕಿನ ಕೈಯ ನಾಲ್ಕು ಜನ ಹಲಗೆಗಲ್ಲನ್ನು ಹಿಡಿದು ವಾಲಿಸುತ್ತಿದ್ದಾಗ ನಾಲ್ವರ ಹಿಡಿತವೂ ಒಂದಿಷ್ಟು ಸಡಿಲಾಗಿ ಕಲ್ಲು ಕೆಳಗಿಳಿದಿತ್ತು. ಕೆಳಗೆ ಯಮನೂರಪ್ಪ ನಿಂತಿದ್ದ. ಅವನ ಎರಡೂ ಕಾಲು ತೊಡೆಯವರೆಗೆ ಕಲ್ಲಿನಡಿ ಹೋಗಿದ್ದವು. ಎಳೆದಾಗ ಮೇಲಿನ ಅರ್ಧ ಮಾತ್ರ ಸಲೀಸಾಗಿ ಬಂತು ಎಂದು ಫೋನಿನಲ್ಲಿ ಹೇಳಿದವನು ಅಲ್ಲೇ ವಾಂತಿ ಮಾಡಿಕೊಂಡ ಸದ್ದು ಕೋಣೆಯವರಿಗೆಲ್ಲ ಕೇಳಿಸಿತು. ಗಣಿ ಬಂದ್ ಆಯಿತು. ಎಲ್ಲರನ್ನೂ ಹಗ್ಗದಿಂದ ಇಳಿಸಿ ಮನೆಗೆ ಕಳಿಸಿದರು.

“ಎಲ್ಲಾ ಕೈ ಬಂದ್ ಮಾಡಿದ್ರ?” ಎಂದರು ಗುಡೂರ ಸಾಹೇಬರು, ಎಂದಿನಂತೆ ಮೊದಲು ಕೆಮ್ಮಿ.

“ಬಂದ್ ಮಾಡಿದ್ರ ಇದ್ದಲ್ಲೇ ಬಿಗೀತಾವ್ರಿ,” ಎಂದಳು ನೀಲಾ. ಹಗ್ಗಕ್ಕೆ ಜೋತವನು ಬೀಳದಿರಲೆಂದು ಹಾಗೆ ಮಾಡಿದ್ದರು. “ಚಮಚ ಹಿಡಿದಾಂವ ಚಮಚ ಹಿಡಕೊಂಡೇ ಸಾಯಬೇಕು. ನನಗ ಸ್ವಲ್ಪ ಹೊತ್ತು ಕೊಡ್ರಿ.”

ಅವಳು ಹುಡುಕಿದಳು. ಸಿಕ್ಕೇಬಿಟ್ಟಿತು.

ಮೊಂಡುಗೈಯೊಳಗಿನ ಗುಂಡಿ ಪ್ರತಿ ಸಲ ಮೂರು ಡಬ್ಬಿಗಳಲ್ಲಿ ಸಂಖ್ಯೆ ಬರೆಯುತ್ತದೆ. ಮೊದಲನೆಯದರಲ್ಲಿ ಎಡಗೈಯಾದರೆ ಸೊನ್ನೆ, ಬಲಗೈಯಾದರೆ ಒಂದು. ಉಳಿದೆರಡು ಡಬ್ಬಿ ಸೇರಿ ಹಿಡಿತದ ಬಲ. ಒಂದು ಹಿರಿಯ ಡಬ್ಬಿ, ಇನ್ನೊಂದು ಕಿರಿಯ ಡಬ್ಬಿ. ಹಿರಿಯದರ ಒಂದು ಎಂದರೆ ಕಿರಿಯದರ ಇನ್ನೂರ ಐವತ್ತಾರು. ಮದುವೆ ಊಟದಲ್ಲಿ ಕೆಲವು ಮನೆಯಲ್ಲಿ ಹಿರಿಯರ ಪಂಕ್ತಿ ಮೊದಲು, ಕೆಲವು ಮನೆಯಲ್ಲಿ ಮಕ್ಕಳ ಪಂಕ್ತಿ ಮೊದಲು ಕೂರುತ್ತದಲ್ಲ, ಹಾಗೆ ಹಳೆಯ ಚಿಪ್ ಹಿರಿಯ ಡಬ್ಬಿಯನ್ನು ಮೊದಲು ಓದುತ್ತಿತ್ತು, ಹೊಸದು ಕಿರಿಯದನ್ನು. ಗುಂಡಿಯೋ ಮಾಂಸದೊಳಗೆ ಹೊಲಿದ ಹಳೆಯ ಕಾಲದ್ದು, ಹಿರಿಯರನ್ನೇ ಮೊದಲು ಕೂರಿಸುವುದು. ಕೋಣೆಯಲ್ಲಿ ಆಗಲೇ ಹಳೆಯ ಚಿಪ್ಪಿಗೆ ಹಿರಿಯಪ್ಪ, ಹೊಸದಕ್ಕೆ ಕಿರಿಯಪ್ಪ ಎಂದು ನಾಮಕರಣವಾಗಿತ್ತು. ಕಿರಿಯಪ್ಪ ಹಿರಿಯರನ್ನು ಮಕ್ಕಳೆಂದೂ ಮಕ್ಕಳನ್ನು ಹಿರಿಯರೆಂದೂ ತಿಳಿದುಕೊಂಡಿದ್ದ. ಪಂಕ್ತಿ ಅದಲುಬದಲು ಮಾಡುವ ಆಜ್ಞೆಯನ್ನು ನೀಲಾ ಕಂಪೈಲರಿಗೆ ಸೇರಿಸುವುದನ್ನು ಮರೆತಿದ್ದಳು.

ಈಗ ಸೇರಿಸಿದಳು. ತಪ್ಪು ಸಿಕ್ಕಿದ ಸಂಭ್ರಮದಲ್ಲಿ, ಗ್ಲಾಸು ಜಾರಿದ್ದಕ್ಕೂ ಈ ತಪ್ಪಿಗೂ ಲೆಕ್ಕ ತಾಳೆಯಾಗುತ್ತದೋ ಇಲ್ಲವೋ ನೋಡಲಿಲ್ಲ. ಯಮನೂರಪ್ಪನ ಹೆಂಡತಿ ಗೇಟಿನ ಹತ್ತಿರ ನೆಲಕ್ಕೆ ತಲೆ ಬಡಿದುಕೊಳ್ಳುತ್ತಿದ್ದ ಸದ್ದು ಕಿಟಕಿಯಿಂದ ಬರುತ್ತಿತ್ತು.

“ಮಂಗಳ ಪರೀಕ್ಷೆ ಮಾಡ್ರಿ, ಆಮೇಲೆ ಕಳಸೂಣು,” ಎಂದರು ಸಾಹೇಬರು.

ಅದು ಆ ಕೋಣೆಯ ಪದ್ಧತಿ. ಶುಭಕಾರ್ಯಕ್ಕೆ ಬಲಗೈಯೇ ಮುಂದೆ ಬರಬೇಕು, ಸಂಖ್ಯೆ ಸೊನ್ನೆಯಲ್ಲಿ ಮುಗಿಯಬಾರದು, ಒಂದರಲ್ಲಿ ಮುಗಿಯಬೇಕು. ಹಾಗಾಗಿ ಅಲ್ಲಿ ಯಾವ ಹೊಸ ಕೆಲಸವನ್ನೂ ಮೇಜಿನ ಮೇಲಿನ ಬಲಗೈಯಿಂದಲೇ ಪರೀಕ್ಷಿಸುತ್ತಿದ್ದರು. ಹಿರಿಯ ಡಬ್ಬಿಗೊಂದು, ಕಿರಿಯ ಡಬ್ಬಿಗೊಂದು ಎಂದು ಎರಡಕ್ಕೂ ಒಂದು ಎಂಬ ಸಂಖ್ಯೆಯನ್ನೇ ತುಂಬುತ್ತಿದ್ದರು. ಎದುರಿಗೆ ತೆಂಗಿನಕಾಯಿ ಇಡುತ್ತಿದ್ದರು. ಕೈ ಅದನ್ನು ಹಿಡಿದು ಒಡೆದರೆ ಪರೀಕ್ಷೆ ಪಾಸು, ಪ್ರಸಾದ ಎಲ್ಲರಿಗೆ. ಇದಕ್ಕೆ ನಕ್ಕವರು ಯಾರೂ ಇರಲಿಲ್ಲ. ನೀಲಾ ಸ್ವತಃ ಕಾಯಿಗೆ ಕುಂಕುಮ ಹಚ್ಚುತ್ತಿದ್ದಳು. ವರ್ಷಗಳಿಂದ ಅದು ಕೈಕೊಟ್ಟಿರಲಿಲ್ಲ.

ಕಾಯಿ ಒಡೆಯಿತು. ಸಾಹೇಬರು ಫೋನೆತ್ತಿ, ಗುಡ್ಡದ ಮೇಲಿನ ಟವರಿನಲ್ಲಿದ್ದ ಹುಸೇನಬಾಷಾನಿಗೆ, “ಹ್ಹೂಂ...” ಎಂದು ಕೆಮ್ಮಿ, “ಕಳಸ್ರಿ,” ಎಂದರು. ಅವರ ಬಾಯಿಮಾತಿಲ್ಲದೆ ಊರಿನ ಕೈಗಳಿಗೆ ಏನೂ ಹೋಗುತ್ತಿರಲಿಲ್ಲ. ಹುಸೇನಬಾಷಾ ಸಾಲಿನಲ್ಲಿ ಒಂದೊಂದೇ ಓಣಿಗೆ ಕಳಿಸುವವ. ಊರೆಲ್ಲ ಮುಟ್ಟಲು ಹೊತ್ತು ಹಿಡಿಯುತ್ತಿತ್ತು. ಅಷ್ಟರಲ್ಲಿ ಮನೆಗೆ ಹೋಗಿ ಎರಡು ತುತ್ತು ತಿಂದು ಬರೋಣವೆಂದು ನೀಲಾ ಹೊರಟಳು.

ಅಂಗಡಿಯ ಕುರ್ಚಿಯಲ್ಲಿ ಸಂಗನಗೌಡ ಕೂತಿದ್ದ. ಗಣಿಯ ಮ್ಯಾನೇಜರ್. ಗುರುಪಾದನ ಕೈ ಹೋದ ದಿನ ಸೈರನ್ ಕೂಗಿಸದೆ ಮದ್ದಿಗೆ ಬೆಂಕಿ ಕೊಡಿಸಿದವನು ಅವನೇ ಎಂದು ಊರಿಗೆಲ್ಲ ಗೊತ್ತಿತ್ತು. ತನ್ನ ಕೈ ತೆಗೆಸಿದವನ ಗಡ್ಡ ತೆಗೆಯುವವನು ಎಂದು ಗುರುಪಾದನನ್ನು ಎದುರಿನ ಚಹಾದಂಗಡಿಯವರು ಕಾಡುತ್ತಿದ್ದರು. ಅವನು ಗೌಡನನ್ನು ವಾಪಸು ಕಳಿಸುತ್ತಿರಲಿಲ್ಲ. ಗೌಡನೂ ಬೇರೆ ಅಂಗಡಿಗೆ ಹೋಗುತ್ತಿರಲಿಲ್ಲ. ಅವರಿಬ್ಬರ ನಡುವೆ ಏನಿತ್ತೋ, ಅದು ವಾರಕ್ಕೆರಡು ಸಲ ಸಾಬೂನಿನ ನೊರೆಯಲ್ಲಿ ತೇಲಿ ಹೋಗುತ್ತಿತ್ತು.

“ನಿಮ್ಮ ಕಾರ್ಖಾನಿಯವ್ರು ಯಮನೂರನ್ನ ಮುಗಿಸಿದ್ರಲ್ಲವಾ,” ಎಂದ ಗೌಡ ನೀಲಾಳಿಗೆ, ನೊರೆಯೊಳಗಿಂದ.

“ಈಗ ಸರಿ ಮಾಡೀವ್ರಿ ಗೌಡ್ರ.”

“ಮಾತಾಡಬ್ಯಾಡ್ರಿ, ಕೊಯ್ತೈತಿ,” ಎಂದು ಗುರುಪಾದ ಬಲಗೈಯಿಂದ ಗೌಡನ ಗದ್ದ ಹಿಡಿದೆತ್ತಿದ. ಕೈಯಲ್ಲಿ ಪೀಂ ಎಂದು ಸಣ್ಣ ಸದ್ದಾಯಿತು. ಅವರ ಓಣಿಯ ಸರದಿ ಬಂದಿತ್ತು.

ಬೆರಳುಗಳು ಮಡಚಿದವು.

ಒಣಗಿದ ಕಟ್ಟಿಗೆ ಮುರಿದಂಥ ಸದ್ದು. ಗೌಡನ ಬಾಯಿಂದ ನೊರೆಯ ಬಿಳಿಯ ಮೇಲೆ ಕೆಂಪು ಉಕ್ಕಿತು, ಅದರ ಜೊತೆ ಎರಡು ಹಲ್ಲು ಜಾರಿ ಬಿಳಿ ಬಟ್ಟೆಯ ಮೇಲೆ ಬಿದ್ದವು. ಅವನು ಕಾಲು ಝಾಡಿಸಿ ಕನ್ನಡಿಯನ್ನು ಒದ್ದ. ಅಪ್ಪನ ಕನ್ನಡಿ ಚೂರುಚೂರಾಗಿ ಇಬ್ಬರ ಮೇಲೂ ಸುರಿಯಿತು. ಗುರುಪಾದ ಎಡಗೈಯ ಕತ್ತಿ ಎಸೆದು ತನ್ನದೇ ಬಲಗೈಯ ಬೆರಳುಗಳನ್ನು ಕೀಳತೊಡಗಿದ.

“ಬಿಡವಲ್ದು. ತಂಗಿ, ಬಿಡವಲ್ದು. ನಾ ಬಿಡು ಅಂತೀನಿ, ಇದು ಬಿಡವಲ್ದು.”

ನೀಲಾ ಉಕ್ಕಿನ ಹೆಬ್ಬೆರಳಿಗೆ ಜೋತಳು. ಅದು ಅಲುಗಲಿಲ್ಲ. ಕೈಯನ್ನು ಎಲುಬಿಗೆ ಮೊಳೆ ಹೊಡೆದು ಕೂರಿಸಿದ್ದರಿಂದ ಬಿಚ್ಚುವ ಮಾತಿಲ್ಲ. ಬೀದಿಯಲ್ಲಿ ಆಗಲೇ ಬೇರೆ ಬೇರೆ ಕಡೆಯಿಂದ ಕಿರುಚಾಟ ಕೇಳಿಸುತ್ತಿತ್ತು. ಬಸ್ಸಿನ ಬಾಗಿಲ ಸರಳು ಹಿಡಿದವನ ಕೈ ಬಿಡದೆ, ಚಲಿಸಿದ ಬಸ್ಸು ಅವನನ್ನು ಟಾರಿನ ಮೇಲೆ ಎಳೆದುಕೊಂಡು ಹೋಗುತ್ತಿತ್ತು. ಎದುರಿನ ಚಹಾದಂಗಡಿಯ ಕಲ್ಲಪ್ಪನ ಉಕ್ಕಿನ ಎಡಗೈಯಿಂದ ಕುದಿಯುವ ಕಿಟ್ಲಿ ಕಳಚಿ ಅವನ ಪಾದದ ಮೇಲೆಯೇ ಮಗುಚಿತು.

ಗೌಡನ ಜನ ಒಳನುಗ್ಗಿದರು. ಮುಂದೆ ಅವನ ಅಳಿಯ ಶೇಖರಗೌಡ. ಯಾರೂ ಏನೂ ಕೇಳಲಿಲ್ಲ. ಕೇಳುವುದೇನಿತ್ತು? ಕೈ ತೆಗೆಸಿದವನ ಗಂಟಲ ಬಳಿ ಕೈ ಕಳಕೊಂಡವನ ಕೈ. ಮೊದಲ ಏಟು ಗುರುಪಾದನ ಕಿವಿಗೆ ಬಿತ್ತು, ಎರಡನೆಯದು ಮೂಲೆಯ ಸ್ಟೂಲಿನ ಕಬ್ಬಿಣದ ಕಾಲಿನಿಂದ ಬೆನ್ನಿಗೆ. ಅವನು ಕುಸಿದಂತೆ ಗೌಡನ ಗದ್ದವೂ ಕೆಳಗೆ ಜಗ್ಗಿತು. ಗೌಡ ಪ್ರಾಣಿಯಂತೆ ಊಳಿಟ್ಟ.

“ಅವನ್ನ ಕೊಂದ್ರ ಆ ಕೈ ಎಂದೂ ಬಿಚ್ಚಂಗಿಲ್ಲ,” ಎಂದಳು ನೀಲಾ, ಇಬ್ಬರ ಮೇಲೂ ಅಡ್ಡ ಬಿದ್ದು. ಅವಳ ಬಾಯಲ್ಲೂ ರಕ್ತವಿತ್ತು. ಯಾವ ಏಟಿನದೋ ತಿಳಿಯದು. “ಕೇಳ್ರಿಲ್ಲಿ. ಅಂವ ಸತ್ರ ಬಿಗಿತೈತಿ, ಬಿಗಿದೇ ಇರತೈತಿ. ನಾ ಹೋಗಿ ಬಿಡಸ್ತೀನಿ.”

ಶೇಖರಗೌಡ ಏದುಸಿರು ಬಿಡುತ್ತ ನಿಂತ. ಆಮೇಲೆ ತಿರುಗಿ ತನ್ನವರಿಗೆ, “ಲೇ, ಜೀಪಿನಾಗಿನ ಕಲ್ಲು ಕೊಯ್ಯು ಮಷಿನ್ ತರ್ರಿ,” ಎಂದ. ನೀಲಾಳನ್ನು ನೋಡಿದ. “ಉಕ್ಕು ಕೊಯ್ಯಾಕ ಹೊತ್ತಾಗತೈತಿ. ಅದರ ಮ್ಯಾಲಿಂದು ಮಾಂಸ. ತೋಳು ಕೊಯ್ದು ಮಾವನ್ನ ದವಾಖಾನಿಗೆ ಒಯ್ತೀವಿ. ನೀ ಅಷ್ಟರಾಗ ಏನ್ ಬಿಡಸ್ತಿ ಬಿಡಸು.”

“ಓಡು, ತಂಗಿ,” ಎಂದ ಗುರುಪಾದ ನೆಲದಿಂದ.

ಅವಳು ಓಡಿದಳು.

ದಾರಿಯುದ್ದಕ್ಕೂ ಕೈಗಳು. ಗಿರಣಿಯ ಮುಂದೆ ಒಬ್ಬ ತನ್ನ ಹೆಂಡತಿಯ ಮುಂಗೈ ಹಿಡಿದು ನಿಂತಿದ್ದ. ಅವಳ ಬೆರಳು ಊದಿ ನೀಲಿಗಟ್ಟಿದ್ದವು. ಅವನು ಅವಳಿಗಿಂತ ಜೋರಾಗಿ ಅಳುತ್ತಿದ್ದ. ಬಲಗೈ. ಮಸೀದಿಯ ನಲ್ಲಿಯ ಬಳಿ ಒಬ್ಬನ ತೋಳು ಚಿಂದಿಬಟ್ಟೆಯಂತೆ ಜೋತಿತ್ತು. ಎಡಗೈ. ಸೈಕಲ್ ಹಿಡಿಕೆಯನ್ನು ಹಿಂಡಿ ಹಾಕಿದವನು, ಬಲಗೈ. ಕಲ್ಲಪ್ಪನ ಕಿಟ್ಲಿ, ಎಡಗೈ. ಓಡುತ್ತಲೇ ಅವಳ ತಲೆ ಲೆಕ್ಕ ಹಾಕತೊಡಗಿತು. ಬಲಗೈಯೆಲ್ಲ ಬಿಗಿ, ಎಡಗೈಯೆಲ್ಲ ಸಡಿಲ. ಬಲಕ್ಕೂ ಎಡಕ್ಕೂ ವ್ಯತ್ಯಾಸ ಎಲ್ಲಿದೆ? ಮೊದಲನೆಯ ಡಬ್ಬಿಯಲ್ಲಿ. ಕಿರಿಯಪ್ಪ ಆ ಡಬ್ಬಿಯನ್ನು ಯಾಕೆ ಮುಟ್ಟಿದ?

ಕೋಣೆಯ ಬಾಗಿಲು ತಳ್ಳುವಾಗ ಉತ್ತರ ಬಂದಿತ್ತು. ಕಿರಿಯಪ್ಪನಿಗೆ ಡಬ್ಬಿಗಳು ಬಸ್ಸಿನ ಇಬ್ಬರು ಕೂರುವ ಸೀಟುಗಳಿದ್ದ ಹಾಗೆ. ಎರಡೆತ್ತಬೇಕಾದರೆ ಒಂದು ಸೀಟಿನವರಿಬ್ಬರನ್ನೂ ಎತ್ತುತ್ತಾನೆ. ಈ ಸೀಟಿನ ಕಿಟಕಿಯವನನ್ನೂ ಹಿಂದಿನ ಸೀಟಿನ ಇನ್ನೊಬ್ಬನನ್ನೂ ಕರೆತಾ ಎಂದರೆ ಬರುವುದಿಲ್ಲ. ಬರುವುದಿಲ್ಲವೆಂದು ಹೇಳುವುದೂ ಇಲ್ಲ. ಸುಮ್ಮನೆ ಈ ಸೀಟಿನ ಇಬ್ಬರನ್ನೇ ಎಬ್ಬಿಸಿಕೊಂಡು ಬರುತ್ತಾನೆ. ಹಿರಿಯಪ್ಪ ಎಲ್ಲಿಂದ ಬೇಕಾದರೂ ಎತ್ತುತ್ತಿದ್ದ. ಎರಡನೆಯ, ಮೂರನೆಯ ಡಬ್ಬಿ ಕೇಳಿದರೆ ಕಿರಿಯಪ್ಪ ಕೊಟ್ಟಿದ್ದು ಮೊದಲನೆಯದು ಮತ್ತು ಎರಡನೆಯದು. ಬಲಗೈಯ ಗುರುತಿನ ಆ ಒಂದು ಹೋಗಿ ಹಿರಿಯರ ಪಂಕ್ತಿಯಲ್ಲಿ ಕೂತಿತ್ತು. ‘ಬಿಡು’ ಎಂದು ಸೊನ್ನೆ ಬರೆದರೂ ಕೈಗೆ ಇನ್ನೂರ ಐವತ್ತಾರು. ತೆಂಗಿನಕಾಯಿ ಒಡೆಯುವ ಬಲ. ಎಡಗೈಯಲ್ಲಿ ಹಿರಿಯರ ಪಂಕ್ತಿಗೆ ಬಂದಿದ್ದು ಸೊನ್ನೆ, ಎಷ್ಟು ಬಿಗಿ ಬಯಸಿದರೂ ಸಡಿಲ.

ಬೆಳಿಗ್ಗೆ ಪಂಕ್ತಿ ಉಲ್ಟಾ ಇದ್ದಾಗ ಅದೇ ಒಂದು ಕಿರಿಯರಲ್ಲಿ ಕೂತು, ಹಿಡಿತ ಬರೀ ಸಡಿಲಾಗಿತ್ತು. ಒಂದು ತಪ್ಪು ಇನ್ನೊಂದರ ಬಾಯಿ ಮುಚ್ಚಿ ಹಿಡಿದಿತ್ತು. ಆ ಕೈಯನ್ನು ಕಿತ್ತವಳು ಅವಳೇ.

ಇನ್ನು ಮಂಗಳ ಪರೀಕ್ಷೆ. ಬಲಗೈಗೆ ಒಂದು, ಹಿರಿಯದಕ್ಕೆ ಒಂದು, ಕಿರಿಯದಕ್ಕೆ ಒಂದು. ಮೂರು ಡಬ್ಬಿಯಲ್ಲೂ ಒಂದೇ ಇದ್ದರೆ ಹಿಂದಿನಿಂದ ಓದು, ಮುಂದಿನಿಂದ ಓದು, ಒಂದು ಸೀಟು ಸರಿದು ಓದು, ಬರುವುದು ಅದೇ. ಕಾಯಿ ಒಡೆಯಲೇಬೇಕು. ಇಷ್ಟು ವರ್ಷ ಅವರು ಪರೀಕ್ಷಿಸಿದ್ದು ತೆಂಗಿನಕಾಯಿಯನ್ನು.

ಅವಳು ಕೂತು ಬರೆದಳು. ಎರಡೆರಡು ಎತ್ತಬೇಡ. ಒಂದೊಂದೇ ಡಬ್ಬಿ ಎತ್ತು, ಎರಡನೆಯದನ್ನು ಹಿರಿಯನಾಗಿ ಕೂರಿಸು, ಮೂರನೆಯದನ್ನು ಕಿರಿಯನಾಗಿ. ಮೇಜಿನ ಕೈಗೆ ಬಲ ಏಳು ಎಂದು ಕೊಟ್ಟಳು, ಸೊನ್ನೆ ಕೊಟ್ಟಳು. ಅದು ಮೆಲ್ಲಗೆ ಹಿಡಿಯಿತು, ಬಿಟ್ಟಿತು.

“ಸಾಹೇಬ್ರ, ಕಳಸಾಕ ಹೇಳ್ರಿ.”

ಗುಡೂರ ಸಾಹೇಬರ ಮುಖ ಸುಣ್ಣದ ಗೋಡೆಯಾಗಿತ್ತು. “ನಿನ್ನೆ ಒಂದು ಹಾಕಿದ್ವಿ, ಮುಂಜಾನೆ ಒಬ್ಬ ಸತ್ತ. ಮಧ್ಯಾಹ್ನ ಒಂದು ಕಳಿಸಿದ್ವಿ, ನೋಡ್ರಿ ಹೊರಗ. ಮೂರನೇದು ನಾ ಹೇಳಂಗಿಲ್ಲ. ತಜ್ಞರು ಬರಲಿ.”

“ನಮ್ಮ ಅಣ್ಣನ ತೋಳು ಕೊಯ್ಯಾಕ ಹತ್ಯಾರ್ರಿ.”

“ಅದಕ್ಕ ನಿಮ್ಮ ಕೈ ನಡಗಾಕ ಹತ್ತೈತಿ. ಅದಕ್ಕ ಹೇಳಂಗಿಲ್ಲ.”

ಅವರ ಮಾತು ಸುಳ್ಳಾಗಿರಲಿಲ್ಲ. ಅದೇ ಕೈಯಿಂದ ಅವಳು ಅವರ ಮೇಜಿನ ಫೋನು ಕಿತ್ತುಕೊಂಡು ಪಕ್ಕದ ಸಾಮಾನಿನ ಕೋಣೆಗೆ ನುಗ್ಗಿ ಚಿಲಕ ಹಾಕಿದಳು. ಹೊರಗಿನಿಂದ ಬಾಗಿಲು ಬಡಿಯುವ ಸದ್ದು. ಗುಡ್ಡದ ಮೇಲೆ ಹುಸೇನಬಾಷಾ ಫೋನೆತ್ತಿದ.

“ನೋಡ್ರಿ ಹುಸೇನಬಾಷಾ,” ಎಂದಳು ದಪ್ಪ ದನಿಯಲ್ಲಿ, “ವಿಷಯ ಏನೈತಂದ್ರ, ಹೊಸಾದು ಬಂದೈತಿ, ಕಳಸ್ರಿ. ಮೊದಲು ಹಡಪದ ಓಣಿಗೆ. ಹ್ಹೂಂ.”

“ನೀಲಕ್ಕಾರ,” ಎಂದ ಹುಸೇನಬಾಷಾ, “ಸಾಹೇಬ್ರು ಕೆಮ್ಮಿ ಮಾತಾಡ್ತಾರ. ನೀವು ಮಾತಾಡಿ ಕೆಮ್ಮಿದ್ರಿ.”

ಅವಳ ಗಂಟಲಲ್ಲಿ ಯಾರ ದನಿಯೂ ಉಳಿಯಲಿಲ್ಲ.

“ಮ್ಯಾಲಿಂದ ಎಲ್ಲಾ ಕಾಣಾಕ ಹತ್ತೈತ್ರಿ ನನಗ,” ಎಂದ. “ಒಂದು ಮಾತು ಹೇಳ್ರಿ. ಈ ಸಲ ನಿಮ್ಮ ಸ್ವಂತ ಕುತ್ತಿಗಿ ಆ ಕೈಯಾಗ ಇಡ್ತೀರೇನು?”

“ಇಡ್ತೀನಿ.”

“ಕಳಿಸೀನಿ ಹೋಗ್ರಿ.”

ಅಂಗಡಿ ಮುಟ್ಟುವ ಮೊದಲೇ ಮಷಿನಿನ ಸದ್ದು ಕೇಳಿಸಿತು. ಕಲ್ಲು ಕೊಯ್ಯುವಾಗ ಅದು ಕಿರುಚುತ್ತದೆ, ಈಗ ಗೊರಗೊರ ಎನ್ನುತ್ತಿತ್ತು. ಆಮೇಲೆ ನಿಂತಿತು.

ಉಕ್ಕಿನ ಕೈ ಬೆರಳು ಬಿಚ್ಚಿಕೊಂಡು, ಇನ್ನೂ ತೋಳಿಗಂಟಿಕೊಂಡೇ, ನೆಲದ ಮೇಲೆ ಅಂಗಾತ ಬಿದ್ದಿತ್ತು, ಯಾರೋ ಏನೋ ಕೇಳುತ್ತಿರುವ ಹಾಗೆ. ಗೌಡನನ್ನು ಜೀಪಿಗೆ ಹಾಕುತ್ತಿದ್ದರು, ಅವನ ಮುಖದ ಕೆಳಭಾಗ ಟವೆಲಿನಲ್ಲಿತ್ತು. ಗುರುಪಾದನ ತೋಳು ಮೊಣಕೈಯ ಮೇಲೆ ಎಲುಬಿನವರೆಗೆ ತೆರೆದಿತ್ತು. ನಾಲ್ಕು ಜನ ಅವನನ್ನು ಇನ್ನೂ ಒತ್ತಿ ಹಿಡಿದಿದ್ದರು, ಬಿಡಲು ಯಾರೂ ಹೇಳದ್ದರಿಂದ. ಶೇಖರಗೌಡ ಮಷಿನ್ ಹಿಡಿದು ನಿಂತಿದ್ದ. ಅವನ ಅಂಗಿ ಎದೆಯವರೆಗೆ ಒದ್ದೆಯಾಗಿತ್ತು.

“ತಾನs ಬಿಚ್ಚಿತು,” ಎಂದ ಅವನು, ಯಾರಿಗೂ ಅಲ್ಲದೆ. “ಪೀಂ ಅಂತು. ಬಿಚ್ಚಿತು. ಅಂವ ಬಿಡಬೇಕಂತs ಇದ್ದನೇನು ಹಂಗಾರ?”

ನೀಲಾ ಸೀರೆಯ ಸೆರಗು ಹರಿದು ಅಣ್ಣನ ತೋಳಿಗೆ ಬಿಗಿದಳು. ಅವಳ ಜೀವನದಲ್ಲಿ ಅಷ್ಟು ಬಿಗಿ ಅವಳು ಯಾವುದನ್ನೂ ಕಟ್ಟಿರಲಿಲ್ಲ.

ತೋಳು ಉಳಿಯಲಿಲ್ಲ. ದವಾಖಾನೆಯಲ್ಲಿ ಭುಜದವರೆಗೆ ತೆಗೆದರು. ಗೌಡ ಬದುಕಿದ, ದವಡೆಗೆ ತಂತಿ ಕಟ್ಟಿಸಿಕೊಂಡು ಗಂಜಿ ಹೀರುತ್ತ, ಗಡ್ಡ ಎದೆಗಿಳಿದು, ಬೇಕೆಂದೇ ಮಾಡಿದನೇ ಎಂದು ಪೊಲೀಸರು ಕೇಳಿದಾಗ ಗುರುಪಾದನ ಕಡೆ ತೋರಿಸಿ ಇಲ್ಲವೆಂದು ತಲೆಯಾಡಿಸಿದ. ಬಸ್ಸಿಗೆ ಸಿಕ್ಕಿದವನು ಬದುಕಲಿಲ್ಲ. ನಿಯಂತ್ರಣ ಕೋಣೆಯಲ್ಲಿ ಈಗ ಮೂರು ಡಬ್ಬಿಗೂ ಬೇರೆ ಬೇರೆ ಸಂಖ್ಯೆ ತುಂಬುತ್ತಾರೆ, ಎಡಗೈಯನ್ನೂ ಕರೆಯುತ್ತಾರೆ. ಕಾಯಿಯನ್ನು ಪೂಜೆಗೆ ಮಾತ್ರ ಒಡೆಯುತ್ತಾರೆ, ಕಲ್ಲಿಗೆ ಬಡಿದು.

ಚಳಿಗಾಲದಲ್ಲಿ ಗುರುಪಾದನ ಭುಜಕ್ಕೆ ಹೊಸ ಕೈ ಬಂತು. ಅವನು ಅದನ್ನು ಹಾಕಿಸಿಕೊಂಡನೇ ಹೊರತು ಅಂಗಡಿಯ ಕದ ತೆರೆಯಲಿಲ್ಲ. ತೆರೆದರೂ ಬರುವವರಾರು? ಒಂದು ಮುಂಜಾನೆ ನೀಲಾಳೇ ಕದ ತೆಗೆದು, ಹೊಸ ಕನ್ನಡಿಯ ಧೂಳೊರೆಸಿ, ಕುರ್ಚಿಯಲ್ಲಿ ಕೂತಳು.

“ಏಳು,” ಎಂದ ಗುರುಪಾದ.

“ಹುಸೇನಬಾಷಾಗ ಮಾತು ಕೊಟ್ಟೀನಿ. ಕೂದಲ ತುದಿ ಕತ್ತರಸು.”

“ಇದರಾಗ ಸಂಖ್ಯೆ ಎಷ್ಟ್ ಇಟ್ಟೀದಿ?”

“ನೀ ಎಷ್ಟು ಅನಕೊಂಡೀಯೋ ಅಷ್ಟು.”

ಎದುರಿನ ಅಂಗಡಿಯಲ್ಲಿ ಕಲ್ಲಪ್ಪ ಕಿಟ್ಲಿ ಕೆಳಗಿಟ್ಟು ನೋಡುತ್ತ ನಿಂತ. ಅವನ ಹಿಂದೆ ಇನ್ನಿಬ್ಬರು. ಗುರುಪಾದ ಕುರ್ಚಿಯ ಹಿಂದೆ ಬಂದು ಎಡಗೈಯಲ್ಲಿ ಕತ್ತರಿ ಎತ್ತಿಕೊಂಡ. ಆಮೇಲೆ ಉಕ್ಕಿನ ಬೆರಳು ಅವಳ ಗದ್ದದಡಿ ಬಂದು ಮುಖವನ್ನು ಕನ್ನಡಿಗೆ ಎತ್ತಿತು. ತಣ್ಣಗಿತ್ತು. ಅಂದಿನಿಂದ ಅವಳಿಗೆ ಬೆಂಕಿಕಡ್ಡಿ ಮುರಿದಷ್ಟು ಸದ್ದು ಕೇಳಿದರೂ ಎದೆ ಹಾರುತ್ತಿತ್ತು. ಕತ್ತರಿಯ ಸದ್ದು ಮಾತ್ರ ಕೇಳಿಸಿತು. ಕೂದಲು ಉದುರಿತು. ಕೈ ಹಿಡಿಯಿತು, ಬಿಟ್ಟಿತು, ಮತ್ತೆ ಹಿಡಿಯಿತು, ಬಿಟ್ಟಿತು.

ಗುರುಪಾದ ಬಟ್ಟೆ ಝಾಡಿಸಿದ. ಎರಡೂ ಕೈ ಅವಳ ತಲೆಯ ಎರಡು ಬದಿಗೆ ತಂದು ನಿಲ್ಲಿಸಿದ, ಮುಟ್ಟದೆ. ಕನ್ನಡಿಯಲ್ಲಿ ಅವನ ಕಣ್ಣು ಅವಳನ್ನಲ್ಲ, ತನ್ನ ಬಲಗೈಯನ್ನು ನೋಡುತ್ತಿತ್ತು.

“ಕುತ್ತಿಗಿ ಲಟಿಕೆ ತೆಗೀಲೇನು?”

ನೀಲಾ ಕುತ್ತಿಗೆ ಸಡಿಲ ಬಿಟ್ಟಳು. “ತೆಗಿ,” ಎಂದಳು, ತನ್ನದೇ ದನಿಯಲ್ಲಿ.